ಕೈಕಾಲು ಮರಗಟ್ಟುವಿಕೆ: ನಿದಾನದ ದಾರಿ

‘ಕೈ ಮರಗಟ್ಟುತ್ತದೆ’ ಎಂಬ ಒಂದು ಮಾತಿನಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ. ಮರಳವಾಡಿಯ ಸುತ್ತಿನ ಹಳ್ಳಿಗಳಿಂದ ಬರುವವರಲ್ಲಿ ಕೆಲವರಿಗೆ ಅದು ಇರುವೆ ಹರಿದಂತಹ ಜುಮುಜುಮು; ಕೆಲವರಿಗೆ ಮುಟ್ಟಿದ್ದು, ಸುಟ್ಟಿದ್ದು, ಚುಚ್ಚಿದ್ದು ತಿಳಿಯದಿರುವುದು; ಇನ್ನು ಕೆಲವರಿಗೆ ಸ್ಪರ್ಶ ಸರಿಯಾಗಿಯೇ ಇದ್ದು ಬಲ ಕುಂದಿರುತ್ತದೆ, ಅಂಗಿಯ ಗುಂಡಿ ಹಾಕಲಾಗದು, ಬಿಂದಿಗೆ ಕೈಯಿಂದ ಜಾರುತ್ತದೆ. ಈ ಮೂರನ್ನು ಬೇರ್ಪಡಿಸದೆ ಔಷಧ ಬರೆಯುವುದು ಕತ್ತಲಲ್ಲಿ ಕಲ್ಲೆಸೆದಂತೆ.

ಆಯುರ್ವೇದವು ಸ್ಪರ್ಶನಾಶವನ್ನು ‘ಸುಪ್ತಿ’ ಎಂದು ಕರೆಯುತ್ತದೆ. ಇದನ್ನು ಕೇವಲ ವಾತವೆಂದು ಬಗೆದು ಎಣ್ಣೆ ಹಚ್ಚಿ ಕಳುಹಿಸುವ ರೂಢಿ ನಮ್ಮವರಲ್ಲಿದೆ. ಆದರೆ ಚರಕಸಂಹಿತೆಯು ಸುಪ್ತಿಯನ್ನು ವಾತವ್ಯಾಧಿಯಲ್ಲಿ ಹೇಳಿದಂತೆಯೇ ಪ್ರಮೇಹ, ವಾತರಕ್ತ, ಕುಷ್ಠಗಳ ಪೂರ್ವರೂಪಗಳಲ್ಲಿಯೂ ಹೇಳಿದೆ. ಅಂದರೆ ಲಕ್ಷಣ ಒಂದೇ, ಕಾರಣ ಹಲವು. ಕಾರಣವನ್ನು ಅರಿಯುವುದೇ ನಿದಾನ. ಜನರ ಬಾಯಲ್ಲಿ ಅದು ‘ನಿಧಾನ’ವಾಗಿಬಿಟ್ಟಿದೆ, ಎಷ್ಟೋ ಸಲ ನಡೆಯುವುದೂ ಹಾಗೆಯೇ.

ವೈದ್ಯನ ಮೊದಲ ಸಾಧನ ಪ್ರಶ್ನೆ. ಎಲ್ಲಿಂದ ಆರಂಭವಾಯಿತು, ಒಂದು ಬದಿಯೋ ಎರಡೂ ಬದಿಯೋ, ಎಷ್ಟು ದಿನದಲ್ಲಿ ಎಲ್ಲಿಯವರೆಗೆ ಏರಿತು? ಎರಡೂ ಪಾದಗಳ ಬೆರಳತುದಿಯಲ್ಲಿ ತೊಡಗಿ ತಿಂಗಳುಗಟ್ಟಲೆ ನಿಧಾನವಾಗಿ ಮೊಣಕಾಲಿನತ್ತ ಏರಿ, ಆಮೇಲೆ ಕೈಬೆರಳಿಗೆ ಬಂದರೆ, ಅತಿ ಉದ್ದವಾದ ನರಗಳು ಮೊದಲು ಸೊರಗಿವೆ ಎಂದರ್ಥ. ಇದಕ್ಕೆ ಸಕ್ಕರೆ ಕಾಯಿಲೆಯೇ ಬಹು ಸಾಮಾನ್ಯ ಕಾರಣ. ಮದ್ಯಪಾನ, ಮೂತ್ರಪಿಂಡದ ದೌರ್ಬಲ್ಯಗಳೂ ಇವೆ. ಚಪ್ಪಲಿ ಕಾಲಿನಿಂದ ಕಳಚಿಹೋದದ್ದು ಹತ್ತು ಹೆಜ್ಜೆ ನಡೆದ ಮೇಲೆ ತಿಳಿಯಿತು ಎಂದು ರೋಗಿ ಹೇಳಿದರೆ ಆ ಒಂದು ವಾಕ್ಯ ಹಲವು ಚೀಟಿಗಳಿಗೆ ಸಮ. ಹೆಬ್ಬೆರಳಿನಿಂದ ಉಂಗುರದ ಬೆರಳಿನವರೆಗೆ ಮಾತ್ರ ಜುಮ್ಮೆಂದು, ನಡುರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಹಿತವೆನಿಸಿದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವುದರ ಗುರುತು. ಹಾಲು ಕರೆಯುವ, ಹಿಪ್ಪುನೇರಳೆ ಸೊಪ್ಪು ಕೊಯ್ಯುವ ತಾಯಂದಿರಲ್ಲಿ ಇದನ್ನು ಮೊದಲೇ ಶಂಕಿಸಬೇಕು. ಥೈರಾಯ್ಡ್ ಕೊರತೆಯಲ್ಲೂ ಗರ್ಭಿಣಿಯರಲ್ಲೂ ಇದು ಬರುತ್ತದೆ. ಕೈಗಳು ಒರಟಾಗಿ, ನಡಿಗೆ ಬಿಗಿಯಾಗಿ, ಮೂತ್ರ ತಡೆಯಲಾಗದಂತಾದರೆ ಕತ್ತಿನ ಮೂಳೆಗಳ ನಡುವೆ ಬೆನ್ನುಹುರಿ ಒತ್ತಿಕೊಂಡಿರಬಹುದು. ಅಂಥವರು ಕ್ಷೌರದಂಗಡಿಯಲ್ಲಿ ಕತ್ತಿನ ಲಟಿಕೆ ತೆಗೆಸುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ.

ಸಸ್ಯಾಹಾರಿ ಕುಟುಂಬಗಳ ಓದುಗರು ಬಿ12 ಜೀವಸತ್ವದ ಕೊರತೆಯನ್ನು ವಿಶೇಷವಾಗಿ ಅರಿಯಬೇಕು. ದಿನಕ್ಕೆ ಬೇಕಾದುದು ಎರಡು-ಎರಡೂವರೆ ಮೈಕ್ರೊಗ್ರಾಂ ಮಾತ್ರ. ಆದರೆ ರಾಗಿ, ಅಕ್ಕಿ, ಬೇಳೆ, ಸೊಪ್ಪು, ತರಕಾರಿಗಳಲ್ಲಿ ಅದು ಇಲ್ಲವೆಂದೇ ಹೇಳಬೇಕು. ನಮಗೆ ಹಾಲು, ಮೊಸರೇ ಆಧಾರ. ಹಸು ಸಾಕಿದ ಮನೆಯಲ್ಲಿಯೇ ಹಾಲೆಲ್ಲವೂ ಡೇರಿಗೆ ಹೋಗಿ ಮನೆಯ ಹಿರಿಯರಿಗೆ ನೀರು ಮಜ್ಜಿಗೆ ಉಳಿಯುವುದನ್ನು ನಾವು ನೋಡುತ್ತಿದ್ದೇವೆ. ಯಕೃತ್ತಿನಲ್ಲಿರುವ ಸಂಗ್ರಹ ವರ್ಷಗಳ ಕಾಲ ಸಾಕಾಗುವುದರಿಂದ ಕೊರತೆ ಬಹಳ ತಡವಾಗಿ ತಲೆದೋರುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹೊಟ್ಟೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಗಳನ್ನು ದೀರ್ಘಕಾಲ ನುಂಗುವವರಲ್ಲಿ ಬಿ12 ಇನ್ನಷ್ಟು ಕುಗ್ಗುತ್ತದೆ. ಪಾದ ಮರಗಟ್ಟುವುದು, ಕತ್ತಲಲ್ಲಿ ಅಥವಾ ಮುಖ ತೊಳೆಯಲು ಕಣ್ಣು ಮುಚ್ಚಿದಾಗ ತೂರಾಡುವುದು, ನಾಲಿಗೆ ನುಣುಪಾಗಿ ಕೆಂಪಗಾಗುವುದು, ಮರೆವು ಇವೆಲ್ಲವೂ ಅದರ ಲಕ್ಷಣಗಳು. ರಕ್ತಹೀನತೆ ಇಲ್ಲದೆಯೂ ನರ ಕೆಡಬಹುದು. ಕೇವಲ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡರೂ ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಇಲ್ಲೊಂದು ತೊಡಕಿದೆ. ಜೋಮು ಎಂದೊಡನೆ ಊರಿನಲ್ಲಿ ‘ನರದ ಇಂಜೆಕ್ಷನ್’ ಚುಚ್ಚುವುದುಂಟು. ಅದರಲ್ಲಿ ಬಿ12 ಇರುವುದರಿಂದ ಆಮೇಲೆ ಮಾಡಿದ ರಕ್ತಪರೀಕ್ಷೆ ಸರಿಯಾಗಿದೆಯೆಂದೇ ತೋರುತ್ತದೆ, ನಿದಾನ ಕೈತಪ್ಪುತ್ತದೆ. ಆದ್ದರಿಂದ ರಕ್ತ ಮೊದಲು, ಸೂಜಿ ಆಮೇಲೆ. ಬಿ6 ಜೀವಸತ್ವವನ್ನು ಅತಿಯಾಗಿ ಬಹುಕಾಲ ಸೇವಿಸಿದರೆ ಅದೇ ನರವನ್ನು ಕೆಡಿಸುತ್ತದೆ ಎಂಬುದನ್ನೂ ತಿಳಿದಿರಬೇಕು. ನಮ್ಮ ಪದ್ಧತಿಯ ಹೆಸರಿನಲ್ಲಿ ಸಂತೆಯಲ್ಲಿ ಮಾರುವ, ಚೀಟಿಯಿಲ್ಲದ ಭಸ್ಮ-ಗುಳಿಗೆಗಳಲ್ಲಿ ಸೀಸ, ಪಾಷಾಣ ಇರಬಹುದು. ಸೀಸದಿಂದ ಮಣಿಕಟ್ಟು ಜೋತುಬೀಳುತ್ತದೆ, ಪಾಷಾಣದಿಂದ ಕೈಕಾಲು ಉರಿದು ಮರಗಟ್ಟುತ್ತವೆ. ಅಂತಹುದನ್ನು ಸೇವಿಸಿದ್ದರೆ ವೈದ್ಯರ ಮುಂದೆ ಸಂಕೋಚವಿಲ್ಲದೆ ಹೇಳಬೇಕು, ಪೊಟ್ಟಣ ಉಳಿದಿದ್ದರೆ ಜೊತೆಗೆ ಒಯ್ಯಬೇಕು.

ಸಂಕೋಚದಿಂದ ಮರೆಯಾಗುವ ಇನ್ನೊಂದು ಕಾರಣ ಕುಷ್ಠ. ಭಾರತವು 2005ರ ಡಿಸೆಂಬರಿನಲ್ಲಿ ಇದನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ಕೆಳಗಿಳಿಸಿತು. ರೋಗ ಅಳಿಯಿತು ಎಂದು ಅದರರ್ಥವಲ್ಲ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಾಸಲು ಮಚ್ಚೆ, ಮೊಣಕೈ ಹಿಂದೆ ಹುರಿಯಂತೆ ದಪ್ಪಗಾದ ನರ, ಕಿರುಬೆರಳು ಮಡಚಿಕೊಳ್ಳುವುದು ಇದರ ಗುರುತುಗಳು. ಮಚ್ಚೆಯೇ ಇಲ್ಲದೆ ನರವೊಂದನ್ನೇ ಹಿಡಿಯುವ ರೂಪವೂ ಉಂಟು. ಅದು ವೈದ್ಯರನ್ನೂ ದಾರಿ ತಪ್ಪಿಸುತ್ತದೆ. ಬಹುಔಷಧ ಚಿಕಿತ್ಸೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಅವಧಿ ಆರು ಅಥವಾ ಹನ್ನೆರಡು ತಿಂಗಳು. ಚಿಕಿತ್ಸೆ ತೊಡಗಿದ ಕೆಲವೇ ದಿನಗಳಲ್ಲಿ ಸೋಂಕು ಹರಡುವುದು ನಿಲ್ಲುತ್ತದೆ. ಆದರೆ ಸತ್ತ ನರ ಮರಳಿ ಬಾರದು. ನೆರೆಹೊರೆಯವರ ಮಾತಿಗೆ ಅಂಜಿ ಎರಡು ವರ್ಷ ಕಳೆದವರಿಗೆ ಉಳಿಯುವುದು ವಕ್ರವಾದ ಬೆರಳು.

ಕಾಯಲೇಬಾರದ ಸಂದರ್ಭಗಳಿವೆ. ಒಂದು ಬದಿಯ ಮುಖ, ಕೈ, ಕಾಲು ಹಠಾತ್ತನೆ ಮರಗಟ್ಟಿ ಮಾತು ತೊದಲಿದರೆ ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಔಷಧಕ್ಕೆ ಇರುವ ಅವಧಿ ನಾಲ್ಕೂವರೆ ಗಂಟೆ. ಕೂಡಲೇ 108ಕ್ಕೆ ಕರೆ ಮಾಡಬೇಕು, ಎಣ್ಣೆ ತಿಕ್ಕುತ್ತಾ ಕೂರಬಾರದು. ಜ್ವರವೋ ಭೇದಿಯೋ ಆದ ಒಂದೆರಡು ವಾರದ ಮೇಲೆ ಪಾದದ ಜೋಮಿನಿಂದ ತೊಡಗಿ ದಿನದಿಂದ ದಿನಕ್ಕೆ ಬಲ ಕುಗ್ಗುತ್ತಾ ಮೇಲೇರಿದರೆ ಅದು ಗಿಯಾನ್-ಬಾರೆ ರೋಗವಿರಬಹುದು. 2025ರ ಆರಂಭದಲ್ಲಿ ಪುಣೆಯಲ್ಲಿ ಇದು ಗುಂಪಾಗಿ ಕಾಣಿಸಿಕೊಂಡು ಸುದ್ದಿಯಾಯಿತು. ಇದರಲ್ಲಿ ಉಸಿರಾಟದ ಸ್ನಾಯುಗಳೇ ಸೋಲಬಹುದಾದ್ದರಿಂದ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯೇ ಬೇಕು.

ಉಳಿದವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕನಕಪುರದ ಸಾರ್ವಜನಿಕ ಆಸ್ಪತ್ರೆಗೋ ಹೋಗಿ ಸಕ್ಕರೆ, ರಕ್ತಕಣಗಳ ಎಣಿಕೆ, ಬಿ12, ಥೈರಾಯ್ಡ್, ಕ್ರಿಯಾಟಿನಿನ್ ಪರೀಕ್ಷೆಗಳ ಬಗ್ಗೆ ಕೇಳಬೇಕು. ಮೊದಲೇ ಎಂಆರ್‌ಐಗೆ ಸಾಲ ಮಾಡುವುದು ಬೇಡ. ಪಾದದ ಜೋಮಿಗೆ ತಲೆಯ ಚಿತ್ರ ತೆಗೆಸಿಕೊಂಡು ಬಂದವರು ಹಲವರಿದ್ದಾರೆ. ನರವು ಸಂದೇಶವನ್ನು ಎಷ್ಟು ವೇಗವಾಗಿ ಒಯ್ಯುತ್ತದೆ ಎಂದು ಅಳೆಯುವ ಪರೀಕ್ಷೆ ಅಂಥವರಿಗೆ ಹೆಚ್ಚು ಉಪಯುಕ್ತ. ಆಮೇಲೂ ಕಾರಣ ತಿಳಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿದ್ದ ರಾಜ್ಯದ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದುಗೂಡಿ ಈ ಸಂಸ್ಥೆಯಾಯಿತು. ಹಳೆಯ ಹೆಸರಿನ ನೆರಳಿನಿಂದ ‘ಹುಚ್ಚಾಸ್ಪತ್ರೆಗೆ ಯಾಕೆ ಹೋಗಲಿ’ ಎನ್ನುವವರು ಇಂದಿಗೂ ಇದ್ದಾರೆ. ನರರೋಗಗಳಿಗೆ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಯೋಗ, ಆಯುರ್ವೇದಗಳನ್ನು ಒಳಗೊಂಡ ಸಮಗ್ರ ವೈದ್ಯಕೀಯ ವಿಭಾಗವೂ ಇದೆ. ಹೋಗುವಾಗ ಹಳೆಯ ಚೀಟಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಯಾವ ತಿಂಗಳು ಜೋಮು ಎಲ್ಲಿತ್ತು ಎಂದು ಒಂದು ಪುಟದಲ್ಲಿ ಬರೆದುಕೊಂಡರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಎಲ್ಲ ಪರೀಕ್ಷೆಗಳಾದ ಮೇಲೂ ಕಾರಣ ಸಿಗದವರ ಸಂಖ್ಯೆ ಕಡಿಮೆಯೇನಲ್ಲ. ‘ವರದಿ ಸರಿಯಿದೆ, ಎಲ್ಲ ನಿಮ್ಮ ಮನಸ್ಸಿನದು’ ಎಂಬ ಮಾತು ಅವರನ್ನು ರೋಗಕ್ಕಿಂತ ಹೆಚ್ಚು ನೋಯಿಸುತ್ತದೆ. ಚಿಕ್ಕ ನರತಂತುಗಳ ರೋಗದಲ್ಲಿ ವೇಗದ ಪರೀಕ್ಷೆಯೂ ಸಹಜವಾಗಿಯೇ ಬರುತ್ತದೆ. ಆರು ತಿಂಗಳ ನಂತರ ಮತ್ತೆ ಪರೀಕ್ಷಿಸಿದಾಗ ಹೊಸ ಸುಳಿವು ಸಿಗುವುದುಂಟು. ಕಾರಣ ಸಿಕ್ಕವರೂ ತಾಳ್ಮೆ ತಳೆಯಬೇಕು: ಕಡಿದುಹೋದ ನರತಂತು ಮರಳಿ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್.

ಅಲ್ಲಿಯವರೆಗೆ ಕೈಕಾಲುಗಳನ್ನು ಕಣ್ಣಿನಿಂದ ಕಾಯಬೇಕು. ನೂಲು ಬಿಚ್ಚಾಣಿಕೆಯ ಬಿಸಿನೀರಿನಲ್ಲಿ ಕೈಯಾಡಿಸುವವರು, ಒಲೆಯಿಂದ ಪಾತ್ರೆ ಇಳಿಸುವವರು ಬಟ್ಟೆ ಹಿಡಿಯಲಿ. ಸ್ನಾನದ ನೀರಿನ ಬಿಸಿಯನ್ನು ಮನೆಯ ಬೇರೊಬ್ಬರು ನೋಡಲಿ. ಸ್ಪರ್ಶವಿಲ್ಲದ ಪಾದಕ್ಕೆ ಶಾಖ, ಬಿಸಿ ಎಣ್ಣೆ, ಸ್ವೇದನ ಯಾವುದೂ ಬೇಡ. ಇದನ್ನು ಆಯುರ್ವೇದದ ವೈದ್ಯನಾಗಿಯೇ ಹೇಳುತ್ತಿದ್ದೇನೆ. ಹೊಲಕ್ಕೆ ಬರಿಗಾಲಲ್ಲಿ ಇಳಿಯಬಾರದು. ಪ್ರತಿರಾತ್ರಿ ಮಲಗುವ ಮುನ್ನ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಬೇಕು. ಬಗ್ಗಲಾಗದವರು ಕನ್ನಡಿಯನ್ನು ನೆಲದ ಮೇಲಿಟ್ಟು ನೋಡಬಹುದು, ಇಲ್ಲವೆ ಮೊಮ್ಮಕ್ಕಳ ಕೈಯಲ್ಲಿ ನೋಡಿಸಬಹುದು.