ಹಳೇ ದೋಣಿ ಎರಡಿದ್ದರೆ ಯಾವುದನ್ನು ಕೊಳ್ಳಬೇಕು?

ಕಲಬುರಗಿಯ ಗಾಜಿಪುರದಲ್ಲಿ ಹಳೇ ಬೈಕು ಕೊಳ್ಳುವವರು ಚಾಸಿ ನಂಬರು ನೋಡದೆ, ಎಂಜಿನ್ ಸದ್ದು ಕೇಳದೆ ಒಂದು ರೂಪಾಯಿ ಮುಂಗಡ ಕೊಡುವುದಿಲ್ಲ. ಅದೇ ಜನ ಬೆಣ್ಣೆತೊರಾ, ಅಮರ್ಜಾ ಅಥವಾ ಚಂದ್ರಂಪಳ್ಳಿ ಜಲಾಶಯಕ್ಕೆಂದು ಹಳೇ ಫೈಬರ್ ದೋಣಿ ನೋಡಲು ಹೋದಾಗ ಮಾತ್ರ ಕೇಳುವುದು ಎರಡೇ ಪ್ರಶ್ನೆ: ಎಷ್ಟು ವರ್ಷದ್ದು, ಎಷ್ಟಕ್ಕೆ ಕೊಡ್ತೀರಿ? ಎರಡು ದೋಣಿ ಎದುರಿಗಿದ್ದರೆ ಹೊಸ ಬಣ್ಣದ್ದಕ್ಕೇ ಕೈ ಹೋಗುತ್ತದೆ. ಈ ಲೆಕ್ಕ ತಪ್ಪು. ಫೈಬರ್ ದೋಣಿಯನ್ನು ಕೆಡಿಸುವುದು ಅದರೊಳಗೆ ಸೇರಿಕೊಂಡ ನೀರು. ಯಾವ ದೋಣಿ ಎಷ್ಟು ನೀರು ಕುಡಿದಿದೆ ಎಂದು ಪತ್ತೆ ಮಾಡಿದರೆ ಹೋಲಿಕೆಯ ಮುಕ್ಕಾಲು ಪಾಲು ಮುಗಿದಂತೆ.

ವಯಸ್ಸು ದೊಡ್ಡ ಮಾತಲ್ಲ ಎನ್ನುವುದಕ್ಕೆ ಪುರಾವೆ ಹೊರದೇಶಗಳ ಪುಟ್ಟ ಹಾಯಿದೋಣಿಗಳಲ್ಲಿದೆ. ಇಂಗ್ಲೆಂಡಿನ ವೆಸ್ಟರ್ಲಿ ಸೆಂಟಾರ್ 26 ಅಡಿಯ ಫೈಬರ್ ದೋಣಿ. 1969ರಿಂದ 1980ರವರೆಗೆ 2,400ಕ್ಕೂ ಹೆಚ್ಚು ತಯಾರಾದವು. ಅಮೆರಿಕದ ಕ್ಯಾಟಲಿನಾ 22 ಕೂಡ ಅದೇ ಕಾಲದ್ದು. ಇವುಗಳಲ್ಲಿ ಎಷ್ಟೋ ಇಂದಿಗೂ ನೀರಿನ ಮೇಲಿವೆ, ಕೈಯಿಂದ ಕೈಗೆ ಮಾರಾಟವಾಗುತ್ತಲೂ ಇವೆ. ಇವನ್ನು ಕೊಳ್ಳುವವರಲ್ಲಿ ತಿಳಿದವರು ವರ್ಷ ಕೇಳಿ ಸುಮ್ಮನಾಗುವುದಿಲ್ಲ. ಸೆಂಟಾರ್ ಆದರೆ ತಳದಿಂದ ನೀರೊಳಕ್ಕೆ ಇಳಿಯುವ ಎರಡು ಕೀಲ್‌ಗಳು (ರೆಕ್ಕೆಯಂಥ ಭಾಗಗಳು) ಒಡಲಿಗೆ ಸೇರುವ ಜಾಗ ನೋಡುತ್ತಾರೆ. ಕ್ಯಾಟಲಿನಾ ಆದರೆ ಮಡಚುವ ಕಬ್ಬಿಣದ ಕೀಲ್ ತಿರುಗುವ ಪಿನ್ನು ಸವೆದಿದೆಯೇ ಎಂದು ನೋಡುತ್ತಾರೆ. ಒಂದೊಂದು ಬಗೆಯ ದೋಣಿಗೆ ಒಂದೊಂದು ದುರ್ಬಲ ಜಾಗ. ನಮ್ಮ ಜಲಾಶಯಗಳಿಗೆ ಬೇಕಾದ ಹದಿನೈದು-ಇಪ್ಪತ್ತು ಅಡಿಯ ಎಂಜಿನ್ ದೋಣಿಗೆ ಆ ಜಾಗ ಸಾಮಾನ್ಯವಾಗಿ ಹಿಂದಿನ ಹಲಗೆ, ಅಂದರೆ ಎಂಜಿನ್ ಕಚ್ಚಿಸುವ ಭಾಗ.

ಈ ಹಲಗೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊರಗೆ ಫೈಬರ್ ಕಂಡರೂ ಒಳಗೆ ಬಹುಪಾಲು ಪ್ಲೈವುಡ್ ಇರುತ್ತದೆ. ಎಂಜಿನ್ ಬೋಲ್ಟಿಗೆ, ಕೊಕ್ಕೆಗೆ, ನೀರು ಬಸಿಯುವ ತೂತಿಗೆ ಕೊರೆದ ಕಡೆಗಳಲ್ಲೆಲ್ಲ ನೀರು ಇಳಿದು ಪ್ಲೈವುಡ್ ಒಳಗೊಳಗೇ ಕೊಳೆಯುತ್ತದೆ. ಹೊರಗಿನ ಫೈಬರ್ ಮಾತ್ರ ಹಾಗೇ ನಿಂತಿರುವುದರಿಂದ ನೋಡಿದವರಿಗೆ ಗಟ್ಟಿಮುಟ್ಟು ಅನ್ನಿಸುತ್ತದೆ. ಆದ್ದರಿಂದ ಮೊದಲು ಒಂದು ನಾಣ್ಯ ತೆಗೆದುಕೊಂಡು ಹಲಗೆಯ ಮೇಲಿನ ಅಂಚಿನಿಂದ ಕೆಳಗಿನ ಮೂಲೆಯವರೆಗೆ ಗೇಣುಗೇಣಿಗೂ ತಟ್ಟಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ಆಮೇಲೆ ಎಂಜಿನ್ನನ್ನು ಎತ್ತಿ ಮಡಚಿಟ್ಟು, ಅದರ ತುದಿಯನ್ನು ಮೈಭಾರ ಹಾಕಿ ಒತ್ತಿ. ಹಲಗೆ ಕೂದಲೆಳೆಯಷ್ಟು ಬಾಗಿದರೂ ಅನುಮಾನಪಡಿ. ಕೊನೆಗೆ ಎಲ್ಲಕ್ಕಿಂತ ಕೆಳಗಿನ ಒಂದು ಸ್ಕ್ರೂ ಬಿಚ್ಚಿಸಿ. ತೂತಿನಿಂದ ಕಂದು ನೀರು ಜಿನುಗಿದರೆ, ಅಥವಾ ಸ್ಕ್ರೂ ಜೊತೆ ಮೆತ್ತನೆಯ ಮರದ ಹುಡಿ ಬಂದರೆ ಬೇರೆ ಸಾಕ್ಷಿ ಬೇಡ. ಸ್ಕ್ರೂ ಬಿಚ್ಚಲು ಒಪ್ಪದ ಮಾರಾಟಗಾರನ ದೋಣಿಯನ್ನು ಅಲ್ಲಿಗೇ ಬಿಟ್ಟುಬಿಡಿ.

‘ಫೈಬರ್ ಕೊಳೆಯುವುದಿಲ್ಲವಲ್ಲ’ ಎಂಬ ವಾದ ಎಲ್ಲೆಡೆ ಕೇಳುತ್ತದೆ. ಫೈಬರ್ ಕೊಳೆಯುವುದಿಲ್ಲ, ನಿಜ. ಅದು ಮುಚ್ಚಿಟ್ಟ ಮರ ಕೊಳೆಯುತ್ತದೆ. ಇಡೀ ಮರದ ದೋಣಿಗೆ ಮೇಲೆ ಫೈಬರ್ ಹೊದಿಸಿ ‘ಫೈಬರ್ ದೋಣಿ’ ಎಂದು ಮಾರುವುದಂತೂ ಇನ್ನೂ ಅಪಾಯ. ಅಂಥದ್ದನ್ನು ಹೊದಿಕೆ ಇಲ್ಲದ ಹಳೇ ಮರದ ದೋಣಿಗಿಂತಲೂ ಕೆಳಗಿಡಬೇಕು, ಏಕೆಂದರೆ ಬರೀ ಮರದಲ್ಲಿ ಕೊಳೆತದ್ದು ಕಣ್ಣಿಗಾದರೂ ಕಾಣುತ್ತದೆ. ಇನ್ನು ಹೊಸ ಬಣ್ಣ; ಅದು ಬಿರುಕುಗಳನ್ನು ಮುಚ್ಚಿಡಬಲ್ಲದು. ಕಲಬುರಗಿಯ ಬಿಸಿಲಿಗೆ ಫೈಬರ್ ಮೇಲ್ಮೈ ಮಂಕಾಗಿ, ಬೆರಳಾಡಿಸಿದರೆ ಬಿಳಿ ಪುಡಿ ಅಂಟುವುದು ಸಹಜ. ಅದು ಬರೀ ಮೇಲಿನ ಕಳೆ ಹೋದದ್ದು. ಬಣ್ಣ ಬಳಿಯದೆ ಪುಡಿ ಉದುರುತ್ತಿರುವ ದೋಣಿಯಲ್ಲಿ ಬಿರುಕು ಎಲ್ಲಿದೆ ಎಂದು ನೀವೇ ನೋಡಬಹುದು. ಕೊಕ್ಕೆಗಳ ಸುತ್ತ ನಕ್ಷತ್ರದಂತೆ ಒಡೆದ ಸಣ್ಣ ಗೆರೆಗಳಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ. ತಳಕ್ಕೆ ಅಡ್ಡಲಾಗಿ ಸಾಲುಸಾಲಾಗಿ ಬಿದ್ದ ಉದ್ದ ಬಿರುಕು ಕಂಡರೆ ತಳ ಬಾಗುತ್ತಿದೆ ಎಂದರ್ಥ.

ಮುಂದಿನದು ತೂಕ. ಲಾರಿಯನ್ನು ಖಾಲಿಯಾಗಿ ಒಮ್ಮೆ, ದೋಣಿ ಹೇರಿ ಒಮ್ಮೆ ವೇಬ್ರಿಡ್ಜಿಗೆ ಹತ್ತಿಸಿ. ಒಂದೇ ಅಳತೆಯ, ಒಂದೇ ಮಾದರಿಯ ಎರಡು ದೋಣಿಗಳಲ್ಲಿ ಒಂದು ಬಹಳ ಭಾರವಿದ್ದರೆ ಅದು ನೀರಿನ ಭಾರವೇ ಇರಬಹುದು. ದಪ್ಪ ಫೈಬರಿನ ಭಾರವೂ ಇರಬಹುದಲ್ಲ ಎಂದು ಕೇಳಿದರೆ, ಇರಬಹುದು. ಅದಕ್ಕೇ ತೂಕವೊಂದನ್ನೇ ನಂಬದೆ ನಾಣ್ಯದ ಸದ್ದಿನ ಜೊತೆ ಸೇರಿಸಿ ತೀರ್ಮಾನಿಸಬೇಕು. ಸೀಟಿನ ಕೆಳಗೆ ತುಂಬಿದ ಫೋಮನ್ನೂ ಒತ್ತಿ ನೋಡಿ. ದೋಣಿ ಮಗುಚಿದಾಗ ತೇಲಿಸಬೇಕಾದ ವಸ್ತು ಅದು; ಹಿಂಡಿದರೆ ನೀರು ಬರುವಂತಿದ್ದರೆ ಅದರಿಂದ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ದಡದಲ್ಲಿ ಒಣಗಿ ನಿಂತ ದೋಣಿಯ ಸೋರಿಕೆ ಕಾಣುವುದಿಲ್ಲ. ತಳಕ್ಕೆ ಸರಿಯಾಗಿ ಆಸರೆ ಕೊಟ್ಟು ಒಳಗೆ ನಾಲ್ಕು ಬೆರಳು ನೀರು ತುಂಬಿಸಿ ಅರ್ಧ ದಿನ ಬಿಟ್ಟರೆ ಎಲ್ಲಿ ತೊಟ್ಟಿಕ್ಕುತ್ತದೆ ಎಂದು ಹೊರಗಿನಿಂದಲೇ ಗೊತ್ತಾಗುತ್ತದೆ.

ಎಂಜಿನ್ ಪರೀಕ್ಷೆ ಮೆಕ್ಯಾನಿಕ್ ಕೆಲಸ. ಹಲಗೆ ಚೆನ್ನಾಗಿದ್ದು ಎಂಜಿನ್ ಕೆಟ್ಟಿದ್ದರೆ ಕೊಳ್ಳಬಹುದು, ತಿರುವು ಮುರುವಾದರೆ ಬೇಡ. ಪ್ರವಾಸಿಗರನ್ನು ಕೂರಿಸುವ ಯಂತ್ರದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯಡಿ ತಪಾಸಣೆ, ನೋಂದಣಿ ಬೇಕು. ಕಾಗದಪತ್ರ ಇಲ್ಲದ ದೋಣಿ ಅಗ್ಗಕ್ಕೆ ಸಿಕ್ಕರೂ ದುಬಾರಿಯೇ. ಜನರ ಸುರಕ್ಷತೆಯನ್ನೂ ಮರೆಯಬಾರದು: 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಬಳಿ ದೋಣಿ ಮುಳುಗಿ 16 ಜನ ಸತ್ತರು. ಮಿತಿಮೀರಿ ಜನರನ್ನು ಹತ್ತಿಸಿದ್ದರೆಂದು ಆಗ ವರದಿಯಾಗಿತ್ತು. ಎರಡರಲ್ಲಿ ಯಾವ ದೋಣಿ ಕೊಂಡರೂ, ಕೂರುವ ಪ್ರತಿಯೊಬ್ಬರಿಗೂ ಬೇಕಾದ ಲೈಫ್ ಜಾಕೆಟ್ಟಿನ ಖರ್ಚನ್ನು ಅದರ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿ.