‘ಮೊಸರಿನ ಮಂಗಮ್ಮ’ನಿಗೆ ಏನು ಬೇಕಾಗಿತ್ತು? – ಸಣ್ಣಕಥೆಯ ವಿಶ್ಲೇಷಣೆಯಲ್ಲಿ ಮಾನವತಾವಾದಿ ಮನೋವಿಜ್ಞಾನ

ಸಣ್ಣಕಥೆಯ ಪಾಠವೆಂದರೆ ಕಥಾವಸ್ತು, ಪಾತ್ರ, ಸನ್ನಿವೇಶ, ಆಶಯ ಎಂದು ಉಪಶೀರ್ಷಿಕೆ ಬರೆಸಿ ಮುಗಿಸುವ ರೂಢಿ ನಮ್ಮಲ್ಲಿದೆ. ಮಕ್ಕಳೂ ಬರೆದುಕೊಂಡು, ಮಂಗಮ್ಮ ಒಳ್ಳೆಯವಳು, ಸೊಸೆ ನಂಜಮ್ಮ ಕೆಟ್ಟವಳು ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅಭ್ಯಾಸ ಬೋಧನೆಯ ಅವಧಿಯಲ್ಲಿ ಬ್ರೂಸ್‌ಪೇಟೆಯ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಗೆ ಮಾಸ್ತಿಯವರ ಈ ಕಥೆಯನ್ನು ಪೂರಕ ಓದಾಗಿ ತೆಗೆದುಕೊಂಡಾಗ, ಆ ತೀರ್ಪನ್ನು ಸ್ವಲ್ಪ ಹೊತ್ತು ತಡೆಯುವುದೇ ನನ್ನ ಮುಖ್ಯ ಬೋಧನೋದ್ದೇಶವಾಗಿತ್ತು.

ಮ್ಯಾಸ್ಲೊ 1943ರಲ್ಲಿ ಮಂಡಿಸಿದ ಅಗತ್ಯಗಳ ಶ್ರೇಣಿಯನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೇವೆ. ಆ ತ್ರಿಕೋನವನ್ನು ನಾನು ಕಪ್ಪುಹಲಗೆಯ ಮೇಲೆ ಬರೆಯಲಿಲ್ಲ. ಬರೆದರೆ ಮಕ್ಕಳು ಪಾತ್ರವನ್ನು ಬಿಟ್ಟು ಮೆಟ್ಟಿಲು ಎಣಿಸುತ್ತಾರೆ. ಬದಲಿಗೆ ಕಥೆಯ ಪ್ರತಿ ತಿರುವಿನಲ್ಲೂ ಒಂದೇ ಪ್ರಶ್ನೆ ಕೇಳಿದೆ: ಈಗ ಮಂಗಮ್ಮನಿಗೆ ಏನು ಬೇಕಾಗಿದೆ, ಹಾಗೆಂದು ಯಾವ ಸಾಲು ಹೇಳುತ್ತದೆ?

ಮೊಮ್ಮಗನಿಗೆ ಬಿದ್ದ ಏಟಿನಿಂದ ಜಗಳವಾಗಿ ಬೇರೆಯಾದ ಮೇಲೆ ಅವಳು ಮಖಮಲ್ಲಿನ ಜಾಕೀಟು ಹೊಲಿಸಿಕೊಳ್ಳುತ್ತಾಳೆ. ‘ಶೋಕಿ’ ಎಂದಿತು ಹಿಂದಿನ ಬೆಂಚು. ಒಬ್ಬ ಹುಡುಗಿ ಮಾತ್ರ, ‘ಇಷ್ಟು ದಿನ ಮನೀಗೇ ಹಾಕಿದ್ಲು ಟೀಚರ್, ಈಗ ಯಾರಿಗೆ ಹಾಕ್ಬೇಕು?’ ಅಂದಳು. ಮನೆಯಲ್ಲೇ ಜೀನ್ಸ್ ಹೊಲಿಯುವ ತಾಯಂದಿರ ಮಕ್ಕಳಿರುವ ತರಗತಿ ಅದು. ದುಡಿದ ದುಡ್ಡು ಯಾರ ಕೈ ಸೇರುತ್ತದೆಂದು ಅವರಿಗೆ ನಾನು ಕಲಿಸಬೇಕಿರಲಿಲ್ಲ. ಆ ಒಂದು ಮಾತಿನಿಂದ ಚರ್ಚೆ ಶೋಕಿಯಿಂದ ಒಂಟಿತನಕ್ಕೆ ಹೊರಳಿತು.

ಎರಡನೇ ಅವಧಿಗೆ ಕಾರ್ಲ್ ರೋಜರ್ಸ್. ನೈಜತೆ, ಷರತ್ತಿಲ್ಲದ ಸ್ವೀಕಾರ, ಪರಾನುಭೂತಿ ಎಂಬ ಮೂರು ಗುಣಗಳು ಕಲಿಕೆಯನ್ನು ಸುಗಮಗೊಳಿಸುವವರಲ್ಲಿ ಇರಬೇಕೆಂದವರು ಅವರು. ನಂಜಮ್ಮನಾಗಿ ಅರ್ಧ ಪುಟ ಬರೆಯಲು ಹೇಳಿದೆ. ಗುಂಪಿನ ಮಾತು ತೆಲುಗಿನಲ್ಲಾದರೂ ಸರಿ, ಬರಹ ಕನ್ನಡದಲ್ಲಿರಬೇಕು. ಸ್ವೀಕಾರವೆಂದರೆ ಎಲ್ಲ ಉತ್ತರವೂ ಸರಿ ಎಂದಲ್ಲ. ನಂಜಮ್ಮನಿಗೆ ಮದುವೆಯಾದ ದಿನದಿಂದಲೇ ಅತ್ತೆಯ ಮೇಲೆ ದ್ವೇಷ ಎಂದು ಬರೆದವನನ್ನು ನಾನು ತಿದ್ದಲಿಲ್ಲ. ಅದು ಕಥೆಯಲ್ಲಿ ಎಲ್ಲಿದೆ ತೋರಿಸು ಎಂದೆ. ಹುಡುಕಿದ, ಸಿಗಲಿಲ್ಲ, ತಾನೇ ಹೊಡೆದುಹಾಕಿದ.

ಇಲ್ಲೊಂದು ಎಚ್ಚರ ಬೇಕು. ‘ನಿಮ್ಮ ಮನೆಯಲ್ಲಿ ಅತ್ತೆ–ಸೊಸೆ ಹೇಗಿದ್ದಾರೆ?’ ಎಂಬ ಪ್ರಶ್ನೆ ಪಾಠಯೋಜನೆಯಲ್ಲಿ ಇರಲೇಬಾರದು. ಕೇಳದೆಯೇ ಒಬ್ಬಳು, ‘ನಮ್ಮನ್ಯಾಗೂ ಹಿಂಗ’ ಎಂದು ನಿಲ್ಲಿಸಿದಳು. ಎಲ್ಲರೂ ಅವಳತ್ತ ತಿರುಗಿದರು. ನಾನು ತಕ್ಷಣ ಮಾತನ್ನು ನಂಜಮ್ಮನ ಕಡೆಗೆ ಎಳೆದೆ. ಅವಧಿ ಮುಗಿದ ಮೇಲೆ ವರಾಂಡದಲ್ಲಿ ಅವಳು ಹೇಳಿದ್ದನ್ನು ಕೇಳಿಸಿಕೊಂಡೆ, ಬೋಧನಾ ದಿನಚರಿಯಲ್ಲಿ ದಾಖಲಿಸಲಿಲ್ಲ. ಪಾತ್ರದ ಮರೆ ಇದ್ದರೆ ಮಗು ತನ್ನ ಮಾತನ್ನು ಎಷ್ಟು ಬೇಕೋ ಅಷ್ಟೇ ಆಡಬಹುದು. ಆ ಮರೆಯನ್ನು ಶಿಕ್ಷಕರು ಸರಿಸಬಾರದು.

ರಂಗಪ್ಪನ ಪ್ರಸಂಗಕ್ಕೆ ಹೊತ್ತು ಸಾಲಲಿಲ್ಲ. ಈ ವಯಸ್ಸಿನವರಿಗೆ ಅದನ್ನು ಬಿಡುವುದೇ ಲೇಸು ಎನ್ನುವವರಿದ್ದಾರೆ. ಬಿಟ್ಟರೆ ಮಂಗಮ್ಮನ ಒಂಟಿತನದ ಅರ್ಧ ಭಾಗವೇ ಹೋಗುತ್ತದೆ ಎಂದು ನನ್ನ ಅಭಿಪ್ರಾಯ. ಅದಕ್ಕೇ ಪರಿಷ್ಕೃತ ಪಾಠಯೋಜನೆಯಲ್ಲಿ ಮೂರನೆಯ ಅವಧಿಯೊಂದನ್ನು ಕೇಳಿದ್ದೇನೆ.