ತದ್ರೂಪು ಡ್ರೈವ್‌ನಿಂದ ಲ್ಯಾಪ್‌ಟಾಪ್ ಚಾಲನೆ: ವರ್ತಕರು ಗಮನಿಸಬೇಕಾದ ಅಂಶಗಳು

ನಿಧಾನವಾದ ಹಳೆಯ ಲ್ಯಾಪ್‌ಟಾಪನ್ನು ಬದಲಾಯಿಸುವ ಬದಲು, ಅದರ ಹಾರ್ಡ್ ಡಿಸ್ಕ್‌ನಲ್ಲಿರುವ ಸಮಸ್ತ ಮಾಹಿತಿಯನ್ನು ಸಾಲಿಡ್ ಸ್ಟೇಟ್ ಡ್ರೈವ್, ಅಂದರೆ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿಸಿಕೊಳ್ಳುವ ವರ್ತಕರು ಅನೇಕರಿದ್ದಾರೆ. ವೆಚ್ಚದ ದೃಷ್ಟಿಯಿಂದ ಇದು ಸಮಂಜಸವೇ. ಆದರೆ ಕ್ಲೋನ್ ಪೂರ್ಣಗೊಂಡಿತೆಂಬ ಸಂದೇಶ ಪರದೆಯ ಮೇಲೆ ಮೂಡಿದೊಡನೆ ಹಳೆಯ ಡಿಸ್ಕನ್ನು ಅಳಿಸಿಹಾಕುವುದು ಸಲ್ಲದು. ಆ ಸಂದೇಶವು ನಕಲು ಮುಗಿಯಿತೆಂದು ತಿಳಿಸುತ್ತದೆಯೇ ಹೊರತು, ಲ್ಯಾಪ್‌ಟಾಪ್ ಹೊಸ ಡ್ರೈವ್‌ನಿಂದ ಚಾಲನೆಗೊಳ್ಳುವುದೆಂಬ ಭರವಸೆಯನ್ನು ನೀಡುವುದಿಲ್ಲ.

ಇಂದಿನ ಯುಇಎಫ್‌ಐ ಮಾದರಿಯ ಯಂತ್ರಗಳಲ್ಲಿ ವಿಂಡೋಸ್ ಆರಂಭಗೊಳ್ಳಲು ಬೇಕಾದ ಕಡತಗಳು 'ಸಿ' ವಿಭಾಗದಲ್ಲಿರದೆ, ಇಎಫ್‌ಐ ಎಂಬ ಪ್ರತ್ಯೇಕವಾದ ಚಿಕ್ಕ ವಿಭಾಗದಲ್ಲಿರುತ್ತವೆ. 'ಸಿ' ವಿಭಾಗವನ್ನಷ್ಟೇ ನಕಲಿಸಿದರೆ ಲೆಕ್ಕಪತ್ರಗಳೆಲ್ಲವೂ ಸುರಕ್ಷಿತವಾಗಿದ್ದರೂ ಯಂತ್ರ ಆರಂಭವಾಗದು. ಹಳೆಯ ಡಿಸ್ಕ್ ಎಂಬಿಆರ್ ಮಾದರಿಯದಾಗಿದ್ದು, ಲ್ಯಾಪ್‌ಟಾಪ್ ಯುಇಎಫ್‌ಐ ವಿಧಾನದಲ್ಲಿ ಮಾತ್ರ ಆರಂಭವಾಗುವಂತಿದ್ದರೂ ಇದೇ ತೊಡಕು. ಬಿಟ್‌ಲಾಕರ್ ರಕ್ಷಣೆ ಇದ್ದಲ್ಲಿ 48 ಅಂಕಿಗಳ ರಿಕವರಿ ಕೀಲಿಯನ್ನು ಯಂತ್ರ ಕೇಳಬಹುದು. ಕೆಲಸಕ್ಕೆ ತೊಡಗುವ ಮುನ್ನವೇ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಯಂತ್ರ ಆರಂಭವಾಗದಿದ್ದರೆ ದೋಷ ಕಣ್ಣಿಗೆ ಕಾಣುತ್ತದೆ. ಕಾಣದ ದೋಷವೇ ಹೆಚ್ಚು ನಷ್ಟದಾಯಕ. ಎರಡು ಡ್ರೈವ್‌ಗಳೂ ಒಳಗೇ ಇದ್ದು, ಬೂಟ್ ಕ್ರಮಾಂಕದಲ್ಲಿ ಹಳೆಯದೇ ಮೊದಲಿದೆ ಎಂದು ಭಾವಿಸೋಣ. ಲ್ಯಾಪ್‌ಟಾಪ್ ಎಂದಿನಂತೆ ತೆರೆದುಕೊಳ್ಳುತ್ತದೆ. ಮಾಲೀಕರು ಹೊಸ ಡ್ರೈವ್ ಕೆಲಸ ಮಾಡುತ್ತಿದೆಯೆಂದು ನಂಬುತ್ತಾರೆ. ಗುಮಾಸ್ತರು ಹತ್ತು ದಿನ ಬಿಲ್ಲುಗಳನ್ನೂ ವೋಚರುಗಳನ್ನೂ ದಾಖಲಿಸುತ್ತಾರೆ. ಅವೆಲ್ಲವೂ ಸೇರುವುದು ಹಳೆಯ ಡಿಸ್ಕಿಗೆ. ಹನ್ನೊಂದನೆಯ ದಿನ ಹಳೆಯದನ್ನು ತೆಗೆದು ಫಾರ್ಮ್ಯಾಟ್ ಮಾಡಿದರೆ, ಹೊಸ ಡ್ರೈವ್‌ನಲ್ಲಿ ಉಳಿಯುವುದು ಹತ್ತು ದಿನಗಳ ಹಿಂದಿನ ಲೆಕ್ಕ ಮಾತ್ರ!

ಆದ್ದರಿಂದ ಕ್ಲೋನ್ ಆದ ಬಳಿಕ ಯಂತ್ರವನ್ನು ಆರಿಸಿ, ಹಳೆಯ ಡಿಸ್ಕನ್ನು ಹೊರತೆಗೆದು, ಎಸ್‌ಎಸ್‌ಡಿ ಒಂದರಿಂದಲೇ ಆರಂಭಿಸಿ ನೋಡತಕ್ಕದ್ದು. ಕ್ಲೋನ್‌ಗೆ ಮುನ್ನವೇ ಟ್ರಯಲ್ ಬ್ಯಾಲೆನ್ಸ್, ಕೊನೆಯ ವೋಚರ್ ಸಂಖ್ಯೆ ಹಾಗೂ ದಾಸ್ತಾನಿನ ಮೊತ್ತವನ್ನು ಮುದ್ರಿಸಿಟ್ಟುಕೊಂಡು, ನಂತರ ತಾಳೆ ನೋಡಬೇಕು. ಲೆಕ್ಕದ ತಂತ್ರಾಂಶದ ಪರವಾನಗಿ ಮರುಸಕ್ರಿಯಗೊಳಿಸಬೇಕಾಗಿ ಬರಬಹುದು. ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಸುವವರು 20ನೇ ತಾರೀಖಿನ ಹಿಂದುಮುಂದಿನ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಲೇಸು.

ಕ್ಲೋನ್ ಮಾಡಿಸಿದೆವು, ಬ್ಯಾಕಪ್ ಆಯಿತು ಎಂಬ ಭಾವನೆಯೂ ತಪ್ಪು. ವಿದ್ಯುನ್ಮಾನ ರೂಪದಲ್ಲಿ ಲೆಕ್ಕಪುಸ್ತಕಗಳನ್ನಿಡುವ ಕಂಪನಿಗಳು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಬ್ಯಾಕಪ್ ಇಡಬೇಕೆಂಬುದು 2022ರ ಆಗಸ್ಟ್ ತಿದ್ದುಪಡಿಯಿಂದ ಕಡ್ಡಾಯ. ಕಂಪನಿಗಳ ಅಧಿನಿಯಮ, 2013ರ 128ನೇ ಕಲಮಿನಂತೆ 8 ಆರ್ಥಿಕ ವರ್ಷಗಳ ಪುಸ್ತಕಗಳನ್ನು ಕಾಪಾಡಬೇಕು; ಜಿಎಸ್‌ಟಿ ಕಾಯಿದೆಯ 36ನೇ ಕಲಮಿನಂತೆ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಗಡುವಿನಿಂದ 72 ತಿಂಗಳು. ಡಿಸ್ಕ್ ಬದಲಾಯಿತೆಂಬ ಕಾರಣಕ್ಕೆ ಈ ಹೊಣೆ ಕಡಿಮೆಯಾಗುವುದಿಲ್ಲ.

ತಾಳೆ ಸರಿಬಂದ ಮೇಲೂ ಹಳೆಯ ಡಿಸ್ಕನ್ನು ಆ ವರ್ಷದ ಲೆಕ್ಕಪರಿಶೋಧನೆ ಮುಗಿಯುವವರೆಗೆ ದಿನಾಂಕದ ಚೀಟಿ ಅಂಟಿಸಿ ಬೀರುವಿನಲ್ಲಿಡುವುದು ಒಳಿತು. ಗುಜರಿಗೆ ಕೊಡುವ ಸಂದರ್ಭ ಬಂದಾಗ, ತ್ವರಿತ ಫಾರ್ಮ್ಯಾಟ್‌ನಿಂದ ಗ್ರಾಹಕರ ವಿವರಗಳು ಅಳಿಯುವುದಿಲ್ಲವಾದ್ದರಿಂದ, ಡಿಸ್ಕಿನ ಮೇಲೆ ಪೂರ್ಣವಾಗಿ ಮರುಬರೆದು ಕೊಡತಕ್ಕದ್ದು.